ಆಕ್ಸಿನ್ ಹಾಕಿದರೂ ಹೆಸರುಕಾಳಿನ ಕಾಂಡ ಉದ್ದವಾಗುತ್ತಿಲ್ಲ

ತೀರ್ಥಹಳ್ಳಿ, ಬಿ.ಎಸ್ಸಿ. ವಿದ್ಯಾರ್ಥಿನಿ:
ಕತ್ತಲಲ್ಲಿ ಮೊಳೆಸಿದ ಹೆಸರುಕಾಳಿನ ಕಾಂಡವನ್ನು ಒಂದು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಪಿಎಚ್ 7ರ ಫಾಸ್ಫೇಟ್ ಬಫರಿನಲ್ಲಿ (ಆಮ್ಲತೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಆಕ್ಸಿನ್ ಎಂಬ ಸಸ್ಯ ಹಾರ್ಮೋನ್ ಬೆರೆಸಿ ತೇಲಿಬಿಟ್ಟೆ. ಸಂಜೆಯಾದರೂ ಬರಿಯ ಬಫರಿನಲ್ಲಿದ್ದ ತುಂಡಿಗಿಂತ ಕೂದಲೆಳೆಯಷ್ಟೂ ಹೆಚ್ಚು ಬೆಳೆದಿಲ್ಲ. ಜಿಬ್ಬರೆಲಿನ್ ಎಂಬ ಇನ್ನೊಂದು ಬೆಳವಣಿಗೆಯ ಹಾರ್ಮೋನ್ ಸೇರಿಸಿದರೂ ಅಷ್ಟೇ. ಹಾರ್ಮೋನೇ ಕೆಟ್ಟಿದೆಯೇ?

ಸಾಗರ, ನಿವೃತ್ತ ಉಪನ್ಯಾಸಕ:
ಹಾರ್ಮೋನನ್ನು ದೂರುವ ಮೊದಲು ಬಫರನ್ನು ನೋಡಮ್ಮ. ಆಕ್ಸಿನ್ ಕೋಶಪೊರೆಯಲ್ಲಿರುವ ಪ್ರೋಟಾನ್ ಪಂಪನ್ನು, ಅಂದರೆ ಆಮ್ಲವನ್ನು ಹೊರತಳ್ಳುವ ಪ್ರೋಟೀನನ್ನು, ಚುರುಕುಗೊಳಿಸುತ್ತದೆ. ಪಂಪು ಹೊರಹಾಕಿದ ಆಮ್ಲದಿಂದ ಎಕ್ಸ್‌ಪಾನ್ಸಿನ್ ಎಂಬ ಪ್ರೋಟೀನು ಕೋಶಭಿತ್ತಿಯನ್ನು ಸಡಿಲಿಸುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಕೋಶ ಹಿಗ್ಗುತ್ತದೆ. ಪ್ರಬಲ ಬಫರು ಆ ಆಮ್ಲವನ್ನು ಅಲ್ಲೇ ನುಂಗಿಬಿಡುತ್ತದೆ. ಬಟ್ಟಿ ಇಳಿಸಿದ ನೀರಿಗೆ ತುಸು ಪೊಟ್ಯಾಸಿಯಂ ಕ್ಲೋರೈಡ್, ಸಕ್ಕರೆ ಹಾಕಿ ನೋಡು. ಆಕ್ಸಿನ್ 10 ಮೈಕ್ರೋಮೋಲಾರ್ ಸಾಕು. ಬೆಳಕು ತಾಗಿದರೆ ಅದು ಹಾಳಾಗುತ್ತದೆ. ಜೊತೆಗೆ ಕೆಲವು ತುಂಡುಗಳನ್ನು ಹಾರ್ಮೋನಿಲ್ಲದೆ ಪಿಎಚ್ 4ರ ಸಿಟ್ರೇಟ್ ಬಫರಿಗೆ ಹಾಕು. ಅಲ್ಲಿ ಚೆನ್ನಾಗಿ ಉದ್ದವಾದರೆ ಭಿತ್ತಿ ಸರಿಯಿದೆ, ಅಡ್ಡಿ ಬೇರೆಡೆ ಇದೆ.

ವಿದ್ಯಾರ್ಥಿನಿ:
ಸರ್, ಆಮ್ಲದಲ್ಲೂ ಬೆಳೆದದ್ದು ಅತ್ಯಲ್ಪ. ಸಸಿಗಳೇ ಗಿಡ್ಡವಾಗಿ ದಪ್ಪಗಿವೆ, ತುದಿಯ ಕೊಕ್ಕೆ ಬಿಗಿಯಾಗಿ ಸುರುಳಿ ಸುತ್ತಿಕೊಂಡಿದೆ. ಜಡಿಮಳೆಯ ಚಳಿಗೆ ಮೊಳೆಯಲಿಲ್ಲವೆಂದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೆವು.

ಹೊಸನಗರ, ನರ್ಸರಿಯವರು:
ಹಾಗಾದರೆ ಹೊಗೆಯೇ ಕಾರಣವಿರಬೇಕು. ಅದರಲ್ಲಿ ಎಥಿಲೀನ್ ಇರುತ್ತದೆ, ಗಿಡಗಳಿಗೆ ಅದು ಅನಿಲರೂಪದ ಹಾರ್ಮೋನು. ಗಿಡ್ಡ, ದಪ್ಪ, ಬಿಗಿ ಕೊಕ್ಕೆ: ಮೂರೂ ಅದರ ಗುರುತು. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲ್ಯುಬೊವ್ ಎಂಬ ಸಸ್ಯವಿಜ್ಞಾನಿ ಬಟಾಣಿ ಸಸಿಗಳಲ್ಲಿ ಇದನ್ನೇ ಕಂಡು, ದೀಪದ ಗ್ಯಾಸಿನ ಎಥಿಲೀನೇ ಕಾರಣವೆಂದು ತೋರಿಸಿದ.

ಉಪನ್ಯಾಸಕ:
ಒಪ್ಪಿದೆ. ಎಥಿಲೀನ್ ಇದ್ದಾಗ ಭಿತ್ತಿಯ ಸೆಲ್ಯುಲೋಸ್ ಎಳೆಗಳ ದಿಕ್ಕು ಬದಲಾಗುತ್ತದೆ. ಪಂಪು ಎಷ್ಟೇ ಆಮ್ಲ ಸುರಿದರೂ ಕೋಶ ಅಡ್ಡಕ್ಕೆ ಹಿಗ್ಗುತ್ತದೆ. ಆಕ್ಸಿನ್ ಅತಿಯಾದರೆ ಗಿಡ ತಾನೇ ಎಥಿಲೀನ್ ತಯಾರಿಸಿಕೊಳ್ಳುತ್ತದೆ, ಅದಕ್ಕೇ ಪ್ರಮಾಣದ ಮಾತು ಹೇಳಿದ್ದು.

ಜಿಬ್ಬರೆಲಿನ್ ಸದ್ಯಕ್ಕೆ ಬದಿಗಿಡು. ಅದರ ಮುಖ್ಯ ಕೆಲಸ ಡೆಲ್ಲಾ ಎಂಬ ತಡೆ ಪ್ರೋಟೀನುಗಳನ್ನು ತೆಗೆದು ಜೀನುಗಳ ಮೂಲಕ ನಡೆಯುವಂಥದ್ದು. ಆಕ್ಸಿನ್ನಿನ ಹಾಗೆ ನಿಮಿಷಗಳಲ್ಲಿ ಫಲ ಕೊಡುವುದಿಲ್ಲ. ಹೊಸ ಸಸಿಗಳನ್ನು ಹೊಗೆಯಿಲ್ಲದ ಕೋಣೆಯಲ್ಲಿ ಕತ್ತಲಲ್ಲಿ ಬೆಳೆಸು, ಕೊಕ್ಕೆಯ ಕೆಳಗಿನ ಎಳೆಯ ಭಾಗವನ್ನೇ ಕತ್ತರಿಸು. ತುಂಡುಗಳು ಬಾಡದಂತೆ ತಕ್ಷಣ ನೀರಿಗೆ ಹಾಕು. ಬಾಡಿದರೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ, ಅದು ಆಕ್ಸಿನ್ ಚುರುಕುಗೊಳಿಸಿದ ಅದೇ ಪಂಪನ್ನು ತಗ್ಗಿಸುತ್ತದೆ.