ಎರಡು ಎಸ್‌ಎಸ್‌ಡಿ ಒಟ್ಟಿಗೆ ಹಾಕಿದರೆ ವೇಗ ಅರ್ಧಕ್ಕೆ ಇಳಿಯುತ್ತೆ, ಯಾಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನ ಎಡಗಡೆ ಎರಡು ಯುಎಸ್‌ಬಿ 3.0 ಪೋರ್ಟ್‌ಗಳಿವೆ. ಒಂದೇ ಎಸ್‌ಎಸ್‌ಡಿ ಹಾಕಿದರೆ ಸೆಕೆಂಡಿಗೆ 420 ಎಂಬಿ ಬರುತ್ತೆ. ಮದುವೆ ವಿಡಿಯೊ ಎಡಿಟಿಂಗ್‌ಗೆ ಎರಡರಿಂದಲೂ ಒಟ್ಟಿಗೆ ಕಾಪಿ ಮಾಡಿದರೆ ತಲಾ 210ರ ಆಸುಪಾಸು. ಕೇಬಲ್ ಬದಲಾಯಿಸಿ ನೋಡಿದೆ, ಅಷ್ಟೇ. ಪೋರ್ಟ್ ಕೆಟ್ಟಿದೆಯಾ?

ಉತ್ತರ 1: ಕೆಟ್ಟಿಲ್ಲ. 210ಕ್ಕೆ 210 ಕೂಡಿಸಿ, ಅದೇ 420! ಆ ಎರಡೂ ಪೋರ್ಟ್‌ಗಳು ಒಳಗಿನ ಒಂದೇ ಹಬ್‌ಗೆ (ಹಲವು ಪೋರ್ಟ್‌ಗಳನ್ನು ಒಂದು ದಾರಿಗೆ ಸೇರಿಸುವ ಭಾಗ) ಸೇರಿರಬೇಕು. ಹಬ್‌ನಿಂದ ಕಂಟ್ರೋಲರ್‌ಗೆ (ಯುಎಸ್‌ಬಿ ನಡೆಸುವ ಚಿಪ್) ಇರೋದು ಸೆಕೆಂಡಿಗೆ 5 ಗಿಗಾಬಿಟ್‌ನ ಒಂದೇ ದಾರಿ. ಎನ್‌ಕೋಡಿಂಗ್‌ನಲ್ಲಿ (ಕಳಿಸಲು ಡೇಟಾವನ್ನು ಸಂಕೇತವಾಗಿ ಬದಲಾಯಿಸುವಾಗ) 10 ಬಿಟ್‌ಗೆ 8 ಮಾತ್ರ ಡೇಟಾ, ಅಂದರೆ 4 ಗಿಗಾಬಿಟ್. 8 ಬಿಟ್‌ಗೆ ಒಂದು ಬೈಟ್, ಹಾಗಾಗಿ ಮೇಲ್ಮಿತಿಯೇ ಸೆಕೆಂಡಿಗೆ 500 ಎಂಬಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ 'ಡಿವೈಸಸ್ ಬೈ ಕನೆಕ್ಷನ್' ಆರಿಸಿ, ಯಾವುದು ಯಾವುದರ ಕೆಳಗಿದೆ ಅಂತ ಕಾಣುತ್ತೆ. ಒಂದನ್ನು ಬಲಗಡೆಗೆ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಬಲಗಡೆ ಹಾಕಿದೆ, ಎರಡೂ 420! ಎರಡು ದಿನದ ತಲೆನೋವು ಹೋಯ್ತು, ತುಂಬಾ ಥ್ಯಾಂಕ್ಸ್. ಹಳೇ ಯುಎಸ್‌ಬಿ 2.0 ವೆಬ್‌ಕ್ಯಾಮ್ ಎಡಗಡೆ ಹಾಕಿದರೆ ಎಸ್‌ಎಸ್‌ಡಿ ನಿಧಾನ ಆಗುತ್ತಾ?

ಉತ್ತರ 2: ಆಗಲ್ಲ. 2.0ಗೆ ಕೇಬಲ್‌ನಲ್ಲೇ ಬೇರೆ ತಂತಿಗಳಿವೆ, ಅದರ 480 ಮೆಗಾಬಿಟ್ ಲೆಕ್ಕವೂ ಬೇರೆ. ಆದರೆ ಅಂಥ ಕ್ಯಾಮೆರಾ ಎರಡನ್ನು ಒಂದೇ ಹಬ್‌ಗೆ ಹಾಕಬೇಡಿ. ವಿಡಿಯೊಗೆ ಕ್ಯಾಮೆರಾ ಆ ದಾರಿಯಲ್ಲಿ ಮೊದಲೇ ಜಾಗ ಕಾಯ್ದಿರಿಸುತ್ತೆ, ಎಸ್‌ಎಸ್‌ಡಿ ಥರ ಉಳಿದದ್ದರಲ್ಲಿ ಹಂಚಿಕೊಳ್ಳಲ್ಲ. ಜಾಗ ಸಾಲದಿದ್ದರೆ ಎರಡನೆಯದು ನಿಧಾನ ಆಗಲ್ಲ, ಶುರುವೇ ಆಗಲ್ಲ. ನನ್ನದು ಹಾಗೇ ಕಪ್ಪು ಪರದೆ ತೋರಿಸ್ತಿತ್ತು, ಫಾರ್ಮ್ಯಾಟ್ ಎಂಜೆಪೆಗ್‌ಗೆ (ವಿಡಿಯೊ ಕುಗ್ಗಿಸಿ ಕಳಿಸುವ ಬಗೆ) ಬದಲಾಯಿಸಿದ ಮೇಲೆ ಎರಡೂ ಬಂತು.