ಪದಚರ್ಚೆ: ‘ಗುಂಪು ವೇಗ’ದಲ್ಲಿ ಗುಂಪು ಯಾರದ್ದು?

ಉಡುಪಿಯಿಂದ:

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಘನಸ್ಥಿತಿ ಭೌತಶಾಸ್ತ್ರದ ಕನ್ನಡ ಟಿಪ್ಪಣಿ ಸಿದ್ಧವಾಗುತ್ತಿದೆ. ‘ಗ್ರೂಪ್ ವೆಲಾಸಿಟಿ’ಗೆ ‘ಗುಂಪು ವೇಗ’ ಎಂದು ಹಾಕಿದರೆ ಮಕ್ಕಳು ಎಲೆಕ್ಟ್ರಾನುಗಳು ಹಿಂಡಾಗಿ ಸಾಗುವ ವೇಗ ಎಂದೇ ತಿಳಿಯುತ್ತಾರೆ. ‘ಸಮೂಹ ವೇಗ’ ಎಂದರೂ ಅದೇ ಕತೆ. ‘ಡ್ರಿಫ್ಟ್ ವೆಲಾಸಿಟಿ’ಗೂ ಒಂದು ಪದ ಬೇಕು. ಏನು ಬಳಸಬಹುದು?

ಮಂಗಳೂರಿನಿಂದ:

ಸರ್, ‘ಅಲೆಗೊಂಚಲಿನ ವೇಗ’ ಎಂದು ಬರೆಯಿರಿ. ಇಲ್ಲಿ ಕೂಡಿಕೊಂಡಿರುವುದು ಒಂದೇ ಎಲೆಕ್ಟ್ರಾನಿನ ಅಲೆಗಳು, ಹತ್ತಿರ ಹತ್ತಿರದ ‘ಕೆ’ (ಅಲೆಸಂಖ್ಯೆ, ಅಂದರೆ 2ಪೈ ÷ ಅಲೆಯುದ್ದ) ಬೆಲೆಯ ಬ್ಲಾಖ್ ಅಲೆಗಳು, ಅಂದರೆ ಸ್ಫಟಿಕದೊಳಗಿನ ಎಲೆಕ್ಟ್ರಾನ್ ಅಲೆಗಳು. ಶಕ್ತಿ ‘ಇ’ಯನ್ನು ‘ಕೆ’ಗೆ ಎದುರಾಗಿ ಗ್ರಾಫ್ ಎಳೆದು, ಬೇಕಾದ ಬಿಂದುವಿನ ಇಳಿಜಾರನ್ನು ಪ್ಲಾಂಕ್ ಸ್ಥಿರಾಂಕ ÷ 2ಪೈ, ಅಂದರೆ ಎಚ್-ಬಾರ್‌ನಿಂದ ಭಾಗಿಸಿದರೆ ಈ ವೇಗ ಬಂತು.

ಒಂದು ಲೆಕ್ಕ ಕೊಟ್ಟುಬಿಡಿ, ಪದ ತಾನಾಗಿ ಕೂರುತ್ತದೆ. ಪರಮಾಣುಗಳ ಒಂದೇ ಸಾಲಿನಲ್ಲಿ ಇ = −2ಟಿ ಕಾಸ್(ಕೆಎ). ಇಲ್ಲಿ ‘ಎ’ ಪಕ್ಕಪಕ್ಕದ ಪರಮಾಣುಗಳ ನಡುವಿನ ದೂರ, ‘ಟಿ’ ಎಲೆಕ್ಟ್ರಾನು ಪಕ್ಕದ ಪರಮಾಣುವಿಗೆ ಜಿಗಿಯುವುದಕ್ಕೆ ಸಂಬಂಧಿಸಿದ ಶಕ್ತಿ. ಆಗ ವೇಗ = (2ಟಿಎ ÷ ಎಚ್-ಬಾರ್) ಸೈನ್(ಕೆಎ). ಟಿ = 1 ಎಲೆಕ್ಟ್ರಾನ್‌ವೋಲ್ಟ್, ಎ = 3 ಆಂಗ್‌ಸ್ಟ್ರಾಮ್ ಇಟ್ಟರೆ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 9 ಲಕ್ಷ ಮೀಟರ್, ಅದೂ ಕೆಎ = ಪೈ/2 ಆದಾಗ. ಕೆಎ = ಪೈ ಆದರೆ, ಅಂದರೆ ‘ಕೆ’ಯ ಬೇರೆ ಬೇರೆ ಬೆಲೆಗಳೆಲ್ಲ ಮುಗಿಯುವ ವಲಯದ ಅಂಚಿನಲ್ಲಿ, ವೇಗ ಸೊನ್ನೆ! ‘ಕೆ’ ಹೆಚ್ಚಿದೆ, ವೇಗ ಹೋಗಿದೆ. ಹಾಗಾಗಿ ಎಚ್-ಬಾರ್ ಗುಣಿಸು ಕೆ ಎಂಬುದನ್ನು ಬರೀ ‘ಸಂವೇಗ’ ಎನ್ನಬೇಡಿ ಮಾರಾಯ್ರೆ, ಪ್ರತಿಸಲವೂ ‘ಸ್ಫಟಿಕ ಸಂವೇಗ’ ಎಂದೇ ಬರೆಯಿರಿ. ಇಲ್ಲದಿದ್ದರೆ ಅದನ್ನು ದ್ರವ್ಯರಾಶಿಯಿಂದ ಭಾಗಿಸಿ ವೇಗ ಎಂದು ಉತ್ತರ ಬರೆಯುವವರು ಇದ್ದೇ ಇರುತ್ತಾರೆ.

‘ಡ್ರಿಫ್ಟ್’ಗೆ ‘ಸೆಳೆತದ ವೇಗ’ ಎನ್ನಲು ನಮ್ಮ ಕರಾವಳಿಯವರಿಗೆ ಮನಸ್ಸಾಗುತ್ತದೆ. ಮಲ್ಪೆಯಲ್ಲಿ ದೋಣಿಯನ್ನು ದಾರಿ ತಪ್ಪಿಸುವುದು ಸೆಳೆತವೇ. ಆದರೆ ಸೆಳೆತ ಎಂದರೆ ಎಳೆಯುವ ಬಲವೂ ಹೌದು, ವಿದ್ಯುತ್ ಕ್ಷೇತ್ರದ ಬಲ ಅದೇ ಪುಟದಲ್ಲಿರುತ್ತದೆ. ‘ಜರುಗು ವೇಗ’ ವಾಸಿ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿದರೆ ಎಲೆಕ್ಟ್ರಾನುಗಳು ಸರಾಸರಿ ಜರುಗುವುದು ಸೆಕೆಂಡಿಗೆ 0.07 ಮಿಲಿಮೀಟರ್. ಅದೇ ತಾಮ್ರದಲ್ಲಿ ಫರ್ಮಿ ವೇಗ, ಅಂದರೆ ಅತಿ ಹೆಚ್ಚು ಶಕ್ತಿಯ ಎಲೆಕ್ಟ್ರಾನುಗಳ ವೇಗ, ಸೆಕೆಂಡಿಗೆ ಸುಮಾರು 16 ಲಕ್ಷ ಮೀಟರ್. ದಿಕ್ಕು ದಿಕ್ಕಿಗೆ ಓಡುವುದರಿಂದ ಒಂದನ್ನೊಂದು ಕಳೆದುಕೊಂಡು ಉಳಿದದ್ದು ಅಷ್ಟೇ. ಹಿಂಡಿನ ವೇಗ ಅಂತ ಇದ್ದರೆ ಅದು ಇದು.

ಮಂಗಳೂರಿನಿಂದಲೇ, ಇನ್ನೊಬ್ಬರು:

ಪ್ರಾಯೋಗಿಕ ಟಿಪ್ಪಣಿಗೆ ಎರಡು ಮಾತು. ಎಲೆಕ್ಟ್ರಾನಿನ ಶಕ್ತಿ ಲೆಕ್ಕ ಹಾಕುವ ಪ್ರೋಗ್ರಾಮುಗಳು ‘ಕೆ’ಯನ್ನು ಎಷ್ಟೋ ಸಲ 2ಪೈ/ಎ ಏಕಮಾನದಲ್ಲಿ ಕೊಡುತ್ತವೆ, ಅದರಲ್ಲಿನ 2ಪೈಯನ್ನು ಮರೆತರೆ ವೇಗ 6.28 ಪಟ್ಟು ತಪ್ಪುತ್ತದೆ. ಇಳಿಜಾರು ಎಲೆಕ್ಟ್ರಾನ್‌ವೋಲ್ಟ್-ಆಂಗ್‌ಸ್ಟ್ರಾಮ್‌ನಲ್ಲಿದ್ದರೆ 1.52 ಲಕ್ಷದಿಂದ ಗುಣಿಸಿ, ಮೀಟರ್/ಸೆಕೆಂಡ್ ಸಿಗುತ್ತದೆ.

ಎರಡನೆಯದು, ಶಕ್ತಿಪಟ್ಟಿಗಳು (ಇ-ಕೆ ಗ್ರಾಫಿನ ಗೆರೆಗಳು) ಒಂದನ್ನೊಂದು ದಾಟುವ ಜಾಗ. ಪ್ರೋಗ್ರಾಮು ಅವನ್ನು ಶಕ್ತಿಯ ಏರಿಕೆಯಂತೆ ಜೋಡಿಸುವುದರಿಂದ ದಾಟಿದ ಮೇಲೆ ಒಂದನೆಯದರ ಹೆಸರು ಎರಡನೆಯದಕ್ಕೆ ಹೋಗಿರುತ್ತದೆ. ಅಕ್ಕಪಕ್ಕದ ಬೆಲೆ ಕಳೆದು ಇಳಿಜಾರು ತೆಗೆದರೆ ಅಲ್ಲಿ ಸುಳ್ಳು ವೇಗ ಬರುತ್ತದೆ. ಅಂಥಲ್ಲಿ ಪಟ್ಟಿಯ ತರಂಗಫಲನದಿಂದಲೇ ವೇಗ-ಕಾರಕದ (ವೆಲಾಸಿಟಿ ಆಪರೇಟರ್) ಸರಾಸರಿ ತೆಗೆಯುವುದು ಒಳ್ಳೆಯದು. ಸರಿಯಾಗಿ ದಾಟುವ ಬಿಂದುವಿನಲ್ಲಿ ಮಾತ್ರ ಎರಡೂ ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಲೆಕ್ಕ ಹಾಕಬೇಕು.