ಪದಚರ್ಚೆ: ‘ರಿಪ್ಲೇಸ್’ ಅಂದರೆ ಮತ್ತೆ ಕೂರಿಸುವುದೋ, ಹೊಸದು ಹಾಕುವುದೋ?

ಅನುವಾದಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಕೇಳಿಕೆ. ಪಿ.ಬಿ. ರಸ್ತೆಯ ಗ್ಯಾರೇಜೊಂದರ ಗೋಡೆಗೆ ಫ್ಲೆಕ್ಸ್ ಆಗಬೇಕು, ಶುಕ್ರವಾರ ಬೆಳಗ್ಗೆ ಪ್ರಿಂಟಿಗೆ ಕೊಡಬೇಕು. ವಿಷಯ: ಫೋರ್ ವ್ಹೀಲ್ ಡ್ರೈವ್ ಗಾಡಿಯ ಎಲೆಕ್ಟ್ರಿಕಲ್ ಭಾಗಗಳನ್ನು ತೆಗೆಯುವ, ಹಾಕುವ ಕ್ರಮ. ಓದುವವರು ಕೆಲಸ ಕಲಿಯಲು ಸೇರಿದ ಹುಡುಗರು.

ಇಂಗ್ಲಿಷ್ ಮೂಲದಲ್ಲಿ ಎಲ್ಲ ಭಾಗಕ್ಕೂ ಒಂದೇ ತಲೆಬರಹ, ‘ರಿಮೂವ್ ಅಂಡ್ ರಿಪ್ಲೇಸ್’. ನಾನು ‘ತೆಗೆಯುವಿಕೆ ಮತ್ತು ಬದಲಾಯಿಸುವಿಕೆ’ ಎಂದು ಹಾಕಿದ್ದೇನೆ, ನನಗೇ ಓದಲಾಗುತ್ತಿಲ್ಲ. ಉಳಿದವು ಅಲ್ಲಿಂದ ಇಲ್ಲಿಂದ ಹೆಕ್ಕಿದ್ದು: ಆಲ್ಟರ್ನೇಟರ್‌ಗೆ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಪರ್ಯಾಯಕ, ಸ್ಟಾರ್ಟರ್‌ಗೆ ಪ್ರಾರಂಭಕ, ರಿಲೇಗೆ ಮರುಪ್ರಸಾರಕ, ಅರ್ತ್‌ಗೆ ಭೂಸಂಪರ್ಕ, ಫೋರ್ ವ್ಹೀಲ್ ಡ್ರೈವ್‌ಗೆ ಚತುಶ್ಚಕ್ರ ಚಾಲನೆ. ಮೊದಲ ಎಚ್ಚರಿಕೆ ದಪ್ಪಕ್ಷರದಲ್ಲಿ ಹೀಗೆ ಬರುತ್ತದೆ:

ಮೊದಲು ಮೈನಸ್ ಬಿಚ್ಚಿ
ಪ್ಲಸ್ ಮುಟ್ಟಬೇಡಿ

ಸರಿಯಿದೆಯೇ ನೋಡಿ ಹೇಳಿ.

ಆಟೋ ಎಲೆಕ್ಟ್ರಿಷಿಯನ್, ಹರಿಹರ

ಮೇಡಂ, ‘ಪರ್ಯಾಯಕವನ್ನು ಬದಲಾಯಿಸಿ’ ಅಂತ ಗೋಡೆ ಮೇಲೆ ಬರೆದರೆ ಬದಲಿಗೆ ಬದಲಿ ಹಾಕು ಅಂದಹಾಗಾಯಿತು. ಗ್ಯಾರೇಜಿನಲ್ಲಿ ಆಲ್ಟರ್ನೇಟರಿಗೆ ಡೈನಮೋ ಅಂತಲೇ ಹೆಸರು. ನಿಜವಾದ ಡೈನಮೋ ಹಳೇ ಗಾಡಿಗಳದ್ದು: ಕಮ್ಯುಟೇಟರ್ (ತಿರುಗುವ ತಾಮ್ರದ ಪಟ್ಟಿಗಳ ಬಳೆ) ಮೇಲೆ ಕಾರ್ಬನ್ ಉಜ್ಜಿ ನೇರವಾಗಿ ಡಿಸಿ ಕೊಡುತ್ತಿತ್ತು, ಜೊತೆಗೆ ಬ್ಯಾಟರಿ ಕರೆಂಟು ವಾಪಸ್ ಹರಿಯದಂತೆ ತಡೆಯುವ ಕಟೌಟ್ ಬೇರೆ. ಈಗಿನದು ಒಳಗೆ ಎಸಿ ಹುಟ್ಟಿಸಿ ಡಯೋಡಿನಲ್ಲಿ ಡಿಸಿ ಮಾಡುತ್ತದೆ. ಯಂತ್ರ ಹೋಯಿತು, ಹೆಸರು ನಿಂತಿತು. ಸ್ಟಾರ್ಟರಿಗೆ ಸೆಲ್ಫ್. ‘ಸೆಲ್ಫ್ ಹೊಡೀತಿಲ್ಲ’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ‘ಪ್ರಾರಂಭಕ ವಿಫಲ’ ಅಂದರೆ ಯಾರಿಗೂ ಇಲ್ಲ. ಮರುಪ್ರಸಾರಕ ಆಕಾಶವಾಣಿಗೆ ಕೊಟ್ಟುಬಿಡಿ. ರಿಲೇ ರಿಲೇನೇ. 85, 86ರ ನಡುವೆ ಕಾಯಿಲ್, 30ಕ್ಕೆ ಬ್ಯಾಟರಿ, 87ರಿಂದ ಲೋಡಿಗೆ. ಈ ಅಂಕಿಗಳು ಅದರ ಬುಡದಲ್ಲೇ ಅಚ್ಚಾಗಿರುತ್ತವೆ, ಫ್ಲೆಕ್ಸಿನಲ್ಲೂ ಅಂಕಿಯನ್ನೇ ಹಾಕಿ.

ಭೂಸಂಪರ್ಕ ಅಂತೂ ಪೂರಾ ತಪ್ಪು. ಗಾಡಿ ನಿಂತಿರುವುದು ರಬ್ಬರ್ ಟಯರಿನ ಮೇಲೆ, ಭೂಮಿಗೂ ಅದಕ್ಕೂ ಯಾವ ಸಂಪರ್ಕ? ಬ್ಯಾಟರಿಯ ಮೈನಸ್ಸನ್ನು ಚಾಸಿಗೂ ಎಂಜಿನ್ ಬ್ಲಾಕಿಗೂ ಕಟ್ಟಿರುತ್ತಾರೆ, ಗಾಡಿಯ ಮೈಯೇ ವಾಪಸ್ ಬರುವ ವೈರು. ಅದು ಬಾಡಿ ಅರ್ತ್.

ಇನ್ನು ದೊಡ್ಡ ವಿಷಯ. ‘ರಿಪ್ಲೇಸ್’ ಅಂದರೆ ಎರಡು ಕೆಲಸ. ಬಿಚ್ಚಿದ್ದನ್ನೇ ತಿರುಗಿ ಕೂರಿಸುವುದು ಒಂದು, ಹೊಸದು ತಂದು ಹಾಕುವುದು ಇನ್ನೊಂದು. ಬೆಲ್ಟ್ ಬದಲಿಸಲು, ಬೇರಿಂಗ್ ನೋಡಲು ಡೈನಮೋ ಬಿಚ್ಚಿದರೆ ಅದೇ ಮತ್ತೆ ಕೂರುತ್ತದೆ. ‘ಬದಲಾಯಿಸಿ’ ಅಂತ ಬರೆದರೆ ಹುಡುಗ ಸೀದಾ ಹೋಗಿ ಗಾಡಿ ಧಣಿಗೆ ‘ಹೊಸ ಡೈನಮೋ ತನ್ನಿ’ ಅಂತಾನೆ. ಎಷ್ಟೋ ಸಲ ಒಳಗೆ ಸವೆದಿರುವುದು ಎರಡು ಕಾರ್ಬನ್, ಇಲ್ಲವೇ ಹೋಗಿರುವುದು ರೆಗ್ಯುಲೇಟರ್ ಮಾತ್ರ. ಮೀಟರ್ ಇಟ್ಟು ನೋಡದೆ ಆ ಮಾತೇ ಎತ್ತಬಾರದು: ಎಂಜಿನ್ ನಿಂತಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ, ಹೆಡ್‌ಲೈಟ್ ಹಾಕಿದರೂ, 13.8ರಿಂದ 14.5. ಡೈನಮೋ ಹಿಂದಿನ ಬಿ ಪ್ಲಸ್ ಬೋಲ್ಟಿನಲ್ಲಿ 14.3 ಬಂದು ಬ್ಯಾಟರಿ ಮೇಲೆ 13.2 ಬಂದರೆ ತಪ್ಪು ಡೈನಮೋದಲ್ಲ, ನಡುವಿನ ವೈರಿನದ್ದು, ಇಲ್ಲ ಅರ್ತಿನದ್ದು.

ನಿವೃತ್ತ ಕನ್ನಡ ಮೇಷ್ಟ್ರು, ಚಿತ್ರದುರ್ಗ

ಎಚ್ಚರಿಕೆಯ ಸಾಲು ಅಪಾಯಕಾರಿ. ‘ಬಿಚ್ಚಿ’ ಎಂಬುದು ವಿಧ್ಯರ್ಥವೂ (ಹೀಗೆ ಮಾಡಿ ಎಂಬ ಅಪ್ಪಣೆ) ಹೌದು, ಭೂತನ್ಯೂನವೂ (‘ಬಿಚ್ಚಿದ ಮೇಲೆ’ ಎಂಬರ್ಥದ ಅಪೂರ್ಣ ಕ್ರಿಯೆ) ಹೌದು. ಫ್ಲೆಕ್ಸಿನಲ್ಲಿ ಪೂರ್ಣವಿರಾಮ ಯಾರೂ ಹಾಕುವುದಿಲ್ಲ. ‘ಮೊದಲು ಮೈನಸ್ ಬಿಚ್ಚಿ ಪ್ಲಸ್ ಮುಟ್ಟಬೇಡಿ’ ಎಂದು ಒಂದೇ ಉಸಿರಿನಲ್ಲಿ ಓದಿ ನೋಡಿ: ಮೈನಸ್ ಬಿಚ್ಚಿದ ಮೇಲೆ ಪ್ಲಸ್ ಮುಟ್ಟಕೂಡದು ಎಂದಾಗುತ್ತದೆ. ಸರಿಯಾದ ಕ್ರಮವನ್ನೇ ನಿಷೇಧಿಸಿದಂತಾಯಿತು. ‘ಮೈನಸ್ ಬಿಚ್ಚದೆ ಪ್ಲಸ್ ಮುಟ್ಟಬೇಡಿ’ ಎನ್ನಿ, ಎರಡನೆಯ ಅರ್ಥಕ್ಕೆ ಎಡೆಯೇ ಇರುವುದಿಲ್ಲ.

ಕ್ರಿಯಾಪದಗಳ ವಿಷಯ. ಗಂಟು, ನಟ್ಟು ಇವಕ್ಕೆ ಬಿಚ್ಚು. ಕೊಂಡಿ, ಸರ, ಬಳೆ ಇವಕ್ಕೆ ಕಳಚು. ಹಳಗನ್ನಡದ ‘ಕೞಲ್’ ಅಂದರೆ ತಾನೇ ಸಡಿಲವಾಗು, ಜಾರು; ಅದಕ್ಕೆ ‘ಚು’ ಸೇರಿ ಸಕರ್ಮಕವಾದದ್ದು ‘ಕೞಲ್ಚು’, ಇಂದಿನ ‘ಕಳಚು’. ವೈಯಾಕರಣ ಕೇಶಿರಾಜ ರಳ (ೞ), ಕುಳ (ಕನ್ನಡದ್ದೇ ಆದ ಳ), ಕ್ಷಳ (ಸಂಸ್ಕೃತದ ಲಕಾರ ಳಕಾರವಾದದ್ದು) ಇವನ್ನು ಬೇರೆ ಮಾಡಿ ತೋರಿಸಿದ್ದು ಸುಮ್ಮನಲ್ಲ. ಆ ರಳ ಹೋದಮೇಲೆ ‘ಕಳೆ’ (ನೀಗು) ಬೇರೆ, ‘ಕಳಚು’ ಬೇರೆ ಎಂಬ ಅರಿವೂ ಹೋಯಿತು. ಬೆಲ್ಟು, ಪ್ಲಗ್ಗು ಕಳಚುವ ವಸ್ತುಗಳು. ಕೀಳುವುದು ಹಲ್ಲು, ಮೊಳೆ. ಕಿತ್ತದ್ದು ಮತ್ತೆ ಕೂರುವುದಿಲ್ಲ, ಆದ್ದರಿಂದ ಆ ಪದ ಎಲ್ಲೂ ಬೇಡ.

ಹೊಸದುರ್ಗದಿಂದ, ‘ಅಚ್ಚಗನ್ನಡ’

ಗೆಳೆಯರೇ, ಕನ್ನಡದ್ದೇ ಬೇರುಗಳಿರುವಾಗ ಎರವಲು ಏಕೆ? ಎಲೆಕ್ಟ್ರಿಕಲ್ ಎಂಬುದಕ್ಕೆ ‘ಮಿಂಚಿನ’. ಗಾಡಿ ಬೇಡ, ‘ಬಂಡಿ’. ಪೋರ್ ವೀಲ್ ಡ್ರಯ್ವ್‌ಗೆ ‘ನಾಲ್ಗಾಲಿ ಓಟ’. ತಲೆಬರಹ ‘ಕಳಚಿಕೆ-ಕೂಡಿಕೆ’. ‘ಬದಲಾಯಿಸು’ ಬೇಡವೇ ಬೇಡ, ‘ಬದಲು’ ಅರಬ್ಬಿಯಿಂದ ಬಂದದ್ದು. ಹೊಸದು ಹಾಕುವುದಕ್ಕೆ ‘ಮಾರ್ಪು’ ಎನ್ನಬಹುದು. ಮಹಾಪ್ರಾಣ ಇಲ್ಲದೆ ಬರೆದರೆ ಕಲಿಯುವ ಹುಡುಗರಿಗೂ ಸುಳುವು.

ಮೇಷ್ಟ್ರು, ಚಿತ್ರದುರ್ಗ

ನಾಲ್ಕು, ಕಾಲು ಸೇರಿದಾಗ ಕಕಾರಕ್ಕೆ ಗಕಾರ ಆದೇಶವಾಗಿ ನಾಲ್ಗಾಲು. ‘ನಾಲ್ಗಾಲಿ ಓಟ’ ಎಂದರೆ ಓದುಗನ ಕಣ್ಣಿಗೆ ಬರುವುದು ನಾಯಿ. ಪಕ್ಕದ ತಮಿಳಿನಲ್ಲಿ ನಾರ್ಕಾಲಿ ಎಂದರೆ ಕುರ್ಚಿ. ಅಲ್ಲದೆ ಎಲ್ಲ ಕಾರಿಗೂ ಗಾಲಿ ನಾಲ್ಕೇ. ನಾಲ್ಕಕ್ಕೂ ಎಂಜಿನ್ನಿನ ಬಲ ಹೋಗುತ್ತದೆ ಎಂಬುದು ಇಲ್ಲಿಯ ವಿಶೇಷ. ಸಮುಚ್ಚಯದ ‘ಊ’ ಹಾಕಿ, ‘ನಾಲ್ಕೂ ಗಾಲಿ ಎಳೆಯುವ ಗಾಡಿ’ ಎನ್ನಿ. ಒಂದು ದೀರ್ಘ ಸಾಕು, ಹೊಸ ಪದ ಕಟ್ಟಬೇಕಿಲ್ಲ.

‘ಮಾರ್ಪು’ ರೂಪ ಬದಲಾಗುವುದಕ್ಕೆ. ವಸ್ತು ಹೋಗಿ ವಸ್ತು ಬಂದರೆ ಮಾರ್ಪು ಅಲ್ಲ.

ಅಚ್ಚಗನ್ನಡ

ಹಾಗಾದರೆ ‘ವಿದ್ಯುತ್’ ಮಾತ್ರ ಹೇಗೆ ಸರಿ? ಸಂಸ್ಕ್ರುತದಲ್ಲಿ ಅದಕ್ಕೂ ಮಿಂಚು ಎಂದೇ ಅರ್ತ. ಅವರ ಮಿಂಚು ತಂತಿಯಲ್ಲಿ ಹರಿಯಬಹುದು, ನಮ್ಮ ಮಿಂಚು ಮೋಡದಲ್ಲೇ ಇರಬೇಕೋ?

ಎಲೆಕ್ಟ್ರಿಷಿಯನ್, ಹರಿಹರ

ಇಬ್ಬರದೂ ಬೇಡ ಸರ್, ಜನ ಅನ್ನುವುದು ಕರೆಂಟು.

ಮೇಷ್ಟ್ರೇ, ಕೀಳುವ ವಿಚಾರದಲ್ಲಿ ಒಪ್ಪಲ್ಲ. ಫ್ಯೂಸ್ ಕೀಳುವುದೇ. ‘ಫ್ಯೂಸ್ ಕಿತ್ತು ನೋಡು’ ಅಂತಲೇ ಮಾತು, ಕಿತ್ತದ್ದು ಚೆನ್ನಾಗಿಯೇ ಮತ್ತೆ ಕೂರುತ್ತದೆ. ಹಾರಿದ್ದರೆ ಅದೇ ಬಣ್ಣದ್ದು ಹಾಕಬೇಕು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನೀಲಿ ಪದೇ ಪದೇ ಹಾರುತ್ತದೆ ಅಂತ ಹಸಿರು ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರು ಸುಡುತ್ತದೆ. ‘ಹಾರು’ ಪದಕ್ಕೆ ಯಾರೂ ಅಡ್ಡ ಬರಬೇಡಿ.

ಪ್ಲಗ್ಗಿಗೆ ಕಳಚು ಸರಿಯಾಗಿದೆ. ಹೇಗೆ ಕಳಚಬೇಕು ಅನ್ನುವುದು ಫ್ಲೆಕ್ಸಿನಲ್ಲಿ ಬರಲೇಬೇಕು. ಲಾಕಿನ ನಾಲಿಗೆ ಒತ್ತಿ, ಪ್ಲಗ್ಗಿನ ಮೈ ಹಿಡಿದು ಎಳೆಯುವುದು. ವೈರು ಹಿಡಿದು ಎಳೆದರೆ ಒಳಗಿನ ಪಿನ್ ಜಾರಿ ಹಿಂದಕ್ಕೆ ಬರುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ದುರ್ಗದ ಗಾಳಿಯಂತ್ರದ ಗುಡ್ಡ ಹತ್ತುವ ಗಾಡಿಗಳಲ್ಲಿ ಧೂಳು ಕೂತು ಲಾಕು ಬಿಗಿಯಾಗಿರುತ್ತದೆ. ಮೊದಲು ಗಾಳಿ ಹೊಡೆದು, ಆಮೇಲೆ ಒತ್ತಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ನಾಲಿಗೆ ಮುರಿದು ಪ್ಲಗ್ ಕುಲುಕಾಟಕ್ಕೆ ತಾನೇ ಕಳಚಿಕೊಳ್ಳುತ್ತದೆ (ಮೇಷ್ಟ್ರ ‘ಕೞಲ್’ ಇದೇ ಇರಬೇಕು). ಭದ್ರಾ ನಾಲೆ ಬಯಲಿನ ಗದ್ದೆಗೆ ಇಳಿಯುವ ಗಾಡಿಯಲ್ಲಿ ತೊಂದರೆ ಬೇರೆ: ರಬ್ಬರ್ ಸೀಲ್ ಮಡಚಿ ಕೂತಿದ್ದರೆ ನೀರು ಹೋಗಿ ಪಿನ್ ಹಸಿರು ಕಟ್ಟುತ್ತದೆ. ಕ್ಲೀನರ್ ಹೊಡೆದು, ಒಣಗಿಸಿ, ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಬೇಕು. ‘ಟಕ್’ ಅನ್ನದಿದ್ದರೆ ಕೂತಿಲ್ಲ ಅಂತಲೇ ಲೆಕ್ಕ.

ಅಂದಹಾಗೆ ನಮ್ಮ ಕಡೆ ‘ಕುಂದ್ರಿಸು’. ‘ಕೂರಿಸು’ ಮೈಸೂರು ಕಡೆಯ ಮಾತು. ಆದರೂ ಎಲ್ಲರಿಗೂ ತಿಳಿಯುತ್ತದೆ, ಇರಲಿ.

ಅನುವಾದಕಿ, ದಾವಣಗೆರೆ

ಬಹಳ ಉಪಕಾರ. ಹಾಗಾದರೆ ತಲೆಬರಹ ಎರಡು: ಅದನ್ನೇ ಹಾಕುವಲ್ಲಿ ‘ಬಿಚ್ಚಿ ಕೂರಿಸುವುದು’, ಹೊಸದು ಹಾಕುವಲ್ಲಿ ‘ಬಿಚ್ಚಿ ಬದಲಿ ಹಾಕುವುದು’. ಡೈನಮೋ ಭಾಗ ಹೀಗಿದೆ, ಒಂದು ಸಾಲಿಗೆ ಒಂದೇ ಕ್ರಿಯೆ:

ಕೀ ತೆಗೆಯಿರಿ.
10 ನಂಬರ್ ಪಾನಾದಲ್ಲಿ ಬ್ಯಾಟರಿ ಮೈನಸ್ ಬಿಚ್ಚಿರಿ.
ಬಿ ಪ್ಲಸ್ ನಟ್ಟು ಬಿಚ್ಚಿರಿ.
ಪ್ಲಗ್ ಕಳಚಿರಿ.
ಬೆಲ್ಟ್ ಸಡಿಲಿಸಿರಿ, ಕಳಚಿರಿ.
ಬೋಲ್ಟ್ ಬಿಚ್ಚಿ ಡೈನಮೋ ಇಳಿಸಿರಿ.

‘ಬಿಚ್ಚಿರಿ’ ಎಂದು ರಕಾರ ಸೇರಿಸಿದ್ದೇನೆ, ಮೇಷ್ಟ್ರು ಹೇಳಿದ ಗೊಂದಲ ತಪ್ಪಲಿ ಎಂದು. ಟ್ರಾನ್ಸ್‌ಫರ್ ಬಾಕ್ಸಿನ ಶಿಫ್ಟ್ ಮೋಟಾರ್ (ಟೂ ವ್ಹೀಲ್, ಫೋರ್ ವ್ಹೀಲ್ ನಡುವೆ ಬದಲಿಸುವುದು) ಭಾಗ ಒಂದು ಉಳಿದಿದೆ. ಅದಕ್ಕೆ ‘ಬಿಚ್ಚಿ ಬದಲಿ ಹಾಕುವುದು’ ಸಾಕೇ?

ಮೇಷ್ಟ್ರು, ಚಿತ್ರದುರ್ಗ

ಕೊನೆಯ ಸಾಲಿನ ‘ಬಿಚ್ಚಿ’ ಭೂತನ್ಯೂನ, ಅಲ್ಲಿ ಸರಿಯಾಗಿದೆ. ‘ಧನಾಗ್ರ’, ‘ಋಣಾಗ್ರ’ ಬಿಟ್ಟದ್ದು ಒಳ್ಳೆಯದಾಯಿತು, ಆದರೆ ಹುಡುಗರಿಗೆ ನೆನಪಿಡಲು ಅದೇ ಸುಲಭ: ಬಿಚ್ಚುವಾಗ ಮೊದಲು ಋಣ ಹರಿಯಬೇಕು, ಹಾಕುವಾಗ ಋಣ ಕಡೆಗೆ ಬರಬೇಕು.

ಎಲೆಕ್ಟ್ರಿಷಿಯನ್, ಹರಿಹರ

ಋಣದ ಮಾತು ಹಾಕಿಬಿಡಿ ಮೇಡಂ, ಚೆನ್ನಾಗಿದೆ. ಕಾರಣವನ್ನೂ ಒಂದು ಸಾಲು ಬರೆಯಿರಿ. ಮೈನಸ್ ಕಟ್ಟಿದ್ದಾಗ ಗಾಡಿಯ ಮೈಯೆಲ್ಲಾ ಮೈನಸ್ಸೇ. ಪ್ಲಸ್ಸಿಗೆ ಹಾಕಿದ ಪಾನಾದ ಬಾಲ ಬಾನೆಟ್ಟಿಗೋ ಬ್ಲಾಕಿಗೋ ತಾಗಿದರೆ ನೇರ ಶಾರ್ಟ್, ಪಾನಾ ಕಾದು ಅಂಟಿಕೊಳ್ಳುತ್ತದೆ. ಬಿ ಪ್ಲಸ್ಸಿನದ್ದೂ ಅದೇ ಕಥೆ: ಕೀ ತೆಗೆದರೂ ಅಲ್ಲಿ ಬ್ಯಾಟರಿಯ ಕರೆಂಟು ಇದ್ದೇ ಇರುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಪಾನಾ ಎಲ್ಲಿ ತಾಗಿದರೂ ಸರ್ಕೀಟು ಪೂರ್ತಿಯಾಗಲ್ಲ. ಇನ್ನೊಂದು ಎಚ್ಚರಿಕೆ ಕೆಂಪಕ್ಷರದಲ್ಲಿ ಬರಲಿ: ‘ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಬೇಡಿ.’ ಡೈನಮೋ ಚಾರ್ಜ್ ಮಾಡುತ್ತಿದೆಯೋ ನೋಡಲು ಹಿಂದೆ ಹಾಗೆ ಮಾಡುತ್ತಿದ್ದರು. ಈಗ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ನೆಗೆದು ಡಯೋಡು, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎರಡೂ ಹೋಗಬಹುದು.

ಶಿಫ್ಟ್ ಮೋಟಾರಿಗೆ ಎರಡು ತಲೆಬರಹವೂ ಸಾಲಲ್ಲ, ‘ಹೊಂದಿಸಿ ಕೂರಿಸುವುದು’ ಬೇಕು. ಕ್ರಮ ಹೀಗೆ. ಬಿಚ್ಚುವ ಮುಂಚೆ ಸ್ವಿಚ್ಚನ್ನು ಟೂ ವ್ಹೀಲ್‌ಗೆ ತಂದು ಡ್ಯಾಶಿನ ದೀಪ ಆರಿದೆಯಾ ನೋಡಬೇಕು, ಆಮೇಲೆ ಕೀ, ಆಮೇಲೆ ಮೈನಸ್. ಪ್ಲಗ್ ಕಳಚಿ, ಬೋಲ್ಟ್ ಬಿಚ್ಚಿ, ಮೋಟಾರನ್ನು ನೇರವಾಗಿ ಹಿಂದಕ್ಕೆ ಎಳೆಯುವುದು, ಮೀಟುವುದಲ್ಲ. ಬಾಕ್ಸಿನಿಂದ ಹೊರಗೆ ಬಂದ ಶಾಫ್ಟ್ ಯಾವ ಮುಖಕ್ಕೆ ನಿಂತಿದೆಯೋ ಹೊಸ ಮೋಟಾರಿನ ತೂತೂ ಅದೇ ಮುಖಕ್ಕೆ ಇರಬೇಕು. ಹೊಂದದಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಬಾರದು: ಶಾಫ್ಟ್ ಒಂದು ಕಡೆ, ಒಳಗಿನ ಸೆನ್ಸರ್ ಒಂದು ಕಡೆ ಆಗಿ ಫೋರ್ ವ್ಹೀಲ್ ದೀಪ ಮಿನುಗುತ್ತಲೇ ಇರುತ್ತದೆ, ಗೇರು ಬೀಳುವುದಿಲ್ಲ. ಆಮೇಲೆ ಹೊಸ ಮೋಟಾರೇ ಕೆಟ್ಟದ್ದು ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಲಿವರ್ ಇರುವ ಗಾಡಿಯಲ್ಲಿ ಮೋಟಾರೇ ಇರಲ್ಲ, ಬಾಕ್ಸಿನ ಮೇಲೆ ದೀಪದ ಸ್ವಿಚ್ಚಷ್ಟೇ. ಅದನ್ನು ಬಿಚ್ಚಿದಾಗ ವಾಷರ್ ಮರೆತರೆ ಗೇರ್ ಆಯಿಲ್ ಜಿನುಗುತ್ತದೆ. ಈ ಎರಡನ್ನೂ ಫ್ಲೆಕ್ಸಿನಲ್ಲಿ ಬೇರೆ ಬೇರೆ ಕೋಷ್ಟಕದಲ್ಲಿ ಹಾಕಿ.

ಪರೀಕ್ಷೆ ಮಾಡುವುದು ಮಣ್ಣಿನ ಮೇಲೆ. ಎರೆ ಹೊಲದ ಬದಿ, ಜಲ್ಲಿ ದಾರಿ ಆಗಬಹುದು. ಪಿ.ಬಿ. ರಸ್ತೆಯ ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಿ ಪೂರಾ ತಿರುಗಿಸಿದರೆ ಮುಂದಿನ ಗಾಲಿ ಹೆಚ್ಚು ದೂರ ಓಡಬೇಕು, ಹಿಂದಿನದು ಕಮ್ಮಿ. ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿಯಲ್ಲಿ ಆ ವ್ಯತ್ಯಾಸ ಜಾರಿ ಹೋಗಲು ದಾರಿಯಿಲ್ಲ. ಸ್ಟೇರಿಂಗ್ ಬಿಗಿಯುತ್ತದೆ, ಗೇರು ಸಿಕ್ಕಿಕೊಂಡು ಟೂ ವ್ಹೀಲ್‌ಗೆ ಬರುವುದಿಲ್ಲ. ಹುಡುಗ ಮತ್ತೆ ಮೋಟಾರನ್ನೇ ಬೈಯುತ್ತಾನೆ.

ಮೇಷ್ಟ್ರು, ಚಿತ್ರದುರ್ಗ

‘ಹೊಂದಿಸಿ ಕೂರಿಸುವುದು’ ಸೊಗಸಾಗಿದೆ. ಮೂರು ಕೆಲಸಕ್ಕೆ ಇಂಗ್ಲಿಷಿನದು ಒಂದೇ ಪದ, ಬಡತನ ಯಾರದ್ದೋ ನೋಡಿ. ‘ಕೋಷ್ಟಕ’ ಬೇಡ, ‘ಚೌಕ’ ಸಾಕು.

ಅನುವಾದಕಿ, ದಾವಣಗೆರೆ

ಮೂರು ತಲೆಬರಹ ಹಾಕಿದೆ, ‘ಚೌಕ’ ಎಂದು ತಿದ್ದಿದೆ. ಬೆಲ್ಟ್ ಬಿಗಿ ಎಷ್ಟು ಎಂಬುದು ಮೂಲದಲ್ಲಿ ಅಂಗುಲದಲ್ಲಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿ.ಮೀ. ಬಗ್ಗಬೇಕು ಎಂದು ಬರೆದರೆ ಆದೀತೇ?

ಎಲೆಕ್ಟ್ರಿಷಿಯನ್, ಹರಿಹರ

ವಿ ಬೆಲ್ಟಿಗೆ ಆದೀತು, ಎರಡು ಪುಲ್ಲಿಯ ನಡುಮಧ್ಯದಲ್ಲಿ ಒತ್ತಬೇಕು ಅಂತ ಸೇರಿಸಿ. ತಾನೇ ಬಿಗಿಯುವ ಟೆನ್ಷನರ್ ಇದ್ದರೆ ಆ ಸಾಲು ಬೇಡ.

ಅಚ್ಚಗನ್ನಡ

‘ಬದಲಿ ಹಾಕುವುದು’ ಹಾಗೇ ಉಳಿದಿದೆ. ‘ಬದಲು’ ಅರಬ್ಬಿಯದು ಎಂದದ್ದಕ್ಕೆ ಇನ್ನೂ ಯಾರೂ ಮರುನುಡಿದಿಲ್ಲ.